ಆರು, ಮತ್ತೊಂದು, ಎಂಟು

ಕಂಪ್ಯೂಟರಿನಲ್ಲಿ ಜಲಜಳ ಮೋರೆ ಬಂತು.

ಅಂಗಡಿಯ ಕಿಟಕಿಯ ಹೊರಗೆ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರೆಲ್ಲ ವನಜಳ ಕಡೆ ತಿರುಗಿದರು. ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗಿಳಿದ ಮೊದಲ ದಿನ ಅದು. ಉಪ್ಪುಂದದ ಆ ಸಣ್ಣ ಮೀನುಪೇಟೆಯಲ್ಲಿ ಮೊದಲ ದಿನ ಬಾಗಿಲ ಕಟ್ಟೆಯಲ್ಲಿ ಕೂರುವವಳು ವನಜ ಎಂಬುದು ಅಲ್ಲಿ ಸುತ್ತುವ ಬೆಕ್ಕಿಗೂ ಗೊತ್ತಿದ್ದ ಸಂಗತಿ. ಮೊದಲು ಅವಳ ಅತ್ತೆ ಕೂರುತ್ತಿದ್ದಳು, ಅತ್ತೆ ಹೋದ ಮೇಲೆ ಇವಳು. ವನಜ ಬುಟ್ಟಿ ಎತ್ತಿ ಆಗಲೇ ಒಂದು ಕಾಲು ಮುಂದಿಟ್ಟಿದ್ದಳು. ಹತ್ತು ಜನರ ಎದುರು ಇಟ್ಟ ಕಾಲನ್ನು ಹಿಂದೆ ತೆಗೆಯುವುದು ಎಂಥ ಕಷ್ಟದ ಕೆಲಸ ಎಂದು ಅವಳಿಗೆ ಆವತ್ತು ಗೊತ್ತಾಯಿತು.

"ಎಂತದಾ ಸುಜನ, ನಿನ್ನ ಪೆಟ್ಟಿಗಿ ಅಬ್ಬಿಯ ಮೋರೆ ಮಾತ್ರ ಗುರ್ತ ಹಿಡಿತ್ತಾ?" ಎಂದಳು ಉಮಾವತಿ, ಕಂಪ್ಯೂಟರಿನ ಹಿಂದೆ ಕೂತಿದ್ದ ಜಲಜಳ ಮಗನಿಗೆ.

ಯಾರೋ ಕಿಸಕ್ಕನೆ ನಕ್ಕರು. ಜಲಜ ನಗಲಿಲ್ಲ. ಅತ್ತಿಗೆ ವನಜಳ ಮುಖವನ್ನೂ ನೋಡಲಿಲ್ಲ. ಕರೆ ಬಂದ ಮೇಲೆ ಹೋಗದಿದ್ದರೆ ಕಟ್ಟೆಗೆ ಅವಮಾನ ಎಂಬ ಹಾಗೆ ತಲೆ ತಗ್ಗಿಸಿ ಬಾಗಿಲ ಕಟ್ಟೆಗೆ ನಡೆದಳು. ವನಜ ಒಳಗೆ ಹೋಗಿ ಚರಂಡಿಯ ಬದಿಯ ಕಟ್ಟೆಯಲ್ಲಿ ಕೂತಳು.

ಬಾಗಿಲ ಕಟ್ಟೆ ಅಂದರೆ ಪೇಟೆಗೆ ಕಾಲಿಟ್ಟ ಕೂಡಲೇ ಸಿಗುವ ಕಲ್ಲಿನ ಕಟ್ಟೆ. ಅಲ್ಲಿ ಕೂತವಳ ಮೀನು ಕಣ್ಣಿನ ಹೊಳಪು ಆರುವ ಮೊದಲೇ ಖಾಲಿಯಾಗುತ್ತದೆ. ಚರಂಡಿಯ ಬದಿಗೆ ಕೂತವಳ ಹತ್ತಿರ ಜನ ಬರುವುದು ಎಲ್ಲರ ಬುಟ್ಟಿ ಕೆದಕಿ, ಎಲ್ಲರ ಹತ್ತಿರ ಚೌಕಾಶಿ ಮಾಡಿ, ಬಾಯಿ ಒಣಗಿದ ಮೇಲೆ. ಹಾಗಾಗಿ ಬಾಗಿಲ ಕಟ್ಟೆಗೆ ದಿನಕ್ಕೊಬ್ಬರ ಪಾಳಿ. ಉಳಿದವರು ಸಿಕ್ಕಿದಲ್ಲಿ ಕೂರುವುದು. ಪಾಳಿ ಕರೆಯುತ್ತಿದ್ದವಳು ಸೀತಜ್ಜಿ. ಕಂಬಕ್ಕೆ ಬೆನ್ನು ಕೊಟ್ಟು, ಬಾಯಲ್ಲಿ ವೀಳ್ಯ ಇಟ್ಟುಕೊಂಡೇ ಕರೆಯುತ್ತಿದ್ದಳು. ಯಾರು ಬಾಣಂತಿ, ಯಾರ ಮನೆಯಲ್ಲಿ ಸೂತಕ, ಯಾರು ಯಾರಿಗೆ ಪಾಳಿ ಬಿಟ್ಟುಕೊಟ್ಟರು, ಎಲ್ಲ ಅವಳ ತಲೆಯಲ್ಲಿ ಇತ್ತು. ಅವಳ ಎಣಿಕೆ 'ಒಂದು' ಎಂದು ಶುರುವಾಗುತ್ತಿರಲಿಲ್ಲ. ಅಕ್ಕಿ ಅಳೆಯುವವರ ಹಾಗೆ 'ಲಾಭ' ಎಂದು ಶುರು. ಪಾಳಿಯಲ್ಲಿ ಲಾಭ ಅಂದರೆ ವನಜ. ವರ್ಷಕ್ಕೊಮ್ಮೆ, ಹೊಸ ಮೀನು ಬಂದ ದಿನ, ಇಡೀ ಪೇಟೆಗೆ ಕೇಳುವ ಹಾಗೆ ಸೀತಜ್ಜಿ "ಲಾಭ" ಎಂದು ಕೂಗುವಾಗ ವನಜಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅವಳ ಬದುಕಿನಲ್ಲಿ ಅಷ್ಟು ಜೋರಾಗಿ ಅವಳನ್ನು ಲಾಭ ಎಂದು ಕರೆದವರು ಬೇರೆ ಯಾರೂ ಇರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಸೀತಜ್ಜಿಯ ಬಾಯಿ ಓರೆಯಾಯಿತು, ಮಾತು ನಿಂತಿತು. ಪಾಳಿ ಯಾರು ಕರೆಯುವುದು ಎಂದು ಹೆಂಗಸರಲ್ಲಿ ಚರ್ಚೆಯಾಗಿ, ಒಬ್ಬಳು ಕರೆದರೆ ಇನ್ನೊಬ್ಬಳಿಗೆ ಸಂಶಯ, ಕೊನೆಗೆ ಕಂಪ್ಯೂಟರ್ ಕರೆಯಲಿ ಎಂದಾಯಿತು. ಪೇಟೆಯ ಗೋಡೆಗೆ ತಾಗಿಕೊಂಡೇ ಸುಜನನ ಅಂಗಡಿ. ಅಪ್ಪ ಮುಂಬಯಿಯ ಕ್ಯಾಂಟೀನಿನಲ್ಲಿ ಇದ್ದುದರಿಂದ ಅಲ್ಲೇ ಬೆಳೆದವನು. ಎರಡು ವರ್ಷದ ಹಿಂದೆ ಊರಿಗೆ ಬಂದು ಝೆರಾಕ್ಸು, ಮೊಬೈಲ್ ರೀಚಾರ್ಜು ಎಂದು ಕೂತಿದ್ದ. ಓದು ಬಾರದವರಿಗೂ ತಿಳಿಯಲಿ ಎಂದು ಎಲ್ಲರ ಫೋಟೋ ತೆಗೆದು, ದಿನಾ ಬೆಳಿಗ್ಗೆ ಪಾಳಿಯವಳ ಮೋರೆ ಕಿಟಕಿಗೆ ಕಾಣುವ ಹಾಗೆ ಮಾಡಿಕೊಟ್ಟ. ಹೆಸರುಗಳನ್ನು ವರಸೆಯಾಗಿ ಹೇಳಿ ಬರೆಸಿದವಳು ಅವನ ತಾಯಿ ಜಲಜ.

ಅದೇ ವನಜಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಜಲಜ ಅವಳ ಗಂಡ ಸೋಮನ ತಂಗಿ. ಇಬ್ಬರೂ ಒಂದೇ ಟೆಂಪೋದಲ್ಲಿ ಬರುವವರು, ಒಂದೇ ಡಬ್ಬಿಯ ಗಂಜಿ ಕುಡಿದವರು. ಕಟ್ಟೆ ಬೇಕಿದ್ದರೆ ಬಾಯಿ ಬಿಟ್ಟು ಕೇಳಬಹುದಿತ್ತು.

ಮರುದಿನ ಮೀನು ಮುಗಿದ ಮೇಲೆ ವನಜ ಸುಜನನ ಅಂಗಡಿಗೆ ಹೋದಳು. ಅವಳ ಮಗಳು ಮೋಕ್ಷಿತಾ ಅಲ್ಲೇ ಇದ್ದಳು. ಕುಂದಾಪುರದ ಕಾಲೇಜಿನಲ್ಲಿ ಬಿಸಿಎ ಓದುತ್ತಿದ್ದ ಹುಡುಗಿ, ಬಸ್ಸಿಳಿದವಳು ಮೊದಲು ಹೊಗುವುದು ಆ ಅಂಗಡಿಗೆ. ಹೊಕ್ಕ ಕೂಡಲೇ ಬಾವ ಸುಜನನ ಜೊತೆ ಜಗಳ.

"ಅತ್ತೆ, ಇಲ್ಲ್ ಕಾಣಿ, ನಿಮ್ಮ ಹೆಸ್ರ್ ಇತ್ತ್ ಅಲ್ದಾ? ಮೊದ್ಲ್ ನೀವೇ," ಎಂದು ಸುಜನ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. "ಮುಂದಿನ ಸುತ್ತಿಗೆ ಬತ್ರಿ. ಪಕ್ಕಾ."

"ಬರ್ದದ್ದ್ ಸರಿ ಮಗ. ಕರಿತಿಲ್ಲ ಅಲ್ದಾ?"

"ಅದ್ ಪೈಥಾನಗೆ ಬರ್ದದ್ದ್ ಅಮ್ಮ, ಹಾಂಗಾಯಿ," ಎಂದಳು ಮೋಕ್ಷಿತಾ. "ಎಂತ ಕೊಟ್ರೂ ನುಂಗತ್ತ್. ಅಂಕಿ ಕೊಡ್, ಅಕ್ಷರ ಕೊಡ್, ಕಲ್ಲ್ ಕೊಡ್, ಸುಮ್ನೆ ನುಂಗತ್ತ್. ತಪ್ಪಿದ್ರೂ ಹೇಳತ್ತಿಲ್ಲ. ನಾನ್ ಆಗ್ಳೇ ಹೇಳಿದ್ದೆ, ಜಾವಾದಗೆ ಬರಿ ಅಂದ್."

"ನಿನ್ನ ಜಾವಾದಗೆ ನಮಸ್ಕಾರ ಅಂಬುಕೂ ಮೊದ್ಲ್ ಅಜ್ಜ ಮುತ್ತಜ್ಜನ ಹೆಸ್ರೆಲ್ಲ ಹೇಳ್ಕ್. ಹತ್ತ್ ಗೆರೆ ಬರ್ದ್ ಮುಗಿಯತನಕ ಬಂಗುಡೆ ಕೊಳಿತ್ತ್. ಪೈಥಾನಗೆ ಏಕ್ ಲೈನ್, ಖತಂ."

"ಹೇಳ್ಕೇ. ಯಾರ್ ಎಂತ ಅಂದ್ ಶುರುವಿಗೇ ಹೇಳಿರೆ ಕಡಿಗೆ ಎಡವಟ್ಟ್ ಆತಿಲ್ಲ. ತಪ್ಪಿದ್ರೆ ಅದ್ ಓಡುಕೇ ಬಿಡುದಿಲ್ಲ."

"ಓಡುದೇ ಇಲ್ಲ ಅಂದ್ ಸೀದಾ ಹೇಳ್."

ವನಜ ಒಬ್ಬರ ಬಾಯಿ ನೋಡಿದಳು, ಇನ್ನೊಬ್ಬರ ಬಾಯಿ ನೋಡಿದಳು. "ಪೈಥಾನ್ ಅಂದ್ರೆ ಎಂತದಾ?" ಎಂದು ಕೇಳಿದಳು.

"ಹೆಬ್ಬಾವ್, ಅತ್ತೆ."

"ಜಾವ ಅಂದ್ರೆ? ಬೆಳ್ಗಿನ ಜಾವವಾ?"

"ಅದಲ್ಲ ಅಮ್ಮ. ಎರಡೂ ಕಂಪ್ಯೂಟರಿನ ಭಾಷಿ."

ವನಜಳಿಗೂ ಭಾಷೆಗಳು ಬರುತ್ತಿದ್ದವು. ಗಂಗೊಳ್ಳಿಯ ಸಾಹುಕಾರನ ಹತ್ತಿರ ಕೊಂಕಣಿ, ಮಲ್ಪೆಯಿಂದ ಬರುವ ಟೆಂಪೋದವನ ಹತ್ತಿರ ತುಳು, ಐಸಿನ ಲಾರಿಯವನ ಹತ್ತಿರ ಹಿಂದಿ. ಕೊಂಕಣಿಯಲ್ಲಿ ಚೌಕಾಶಿ ನಯವಾಗುತ್ತದೆ, ತುಳುವಿನಲ್ಲಿ ಬೈದರೆ ಬೈಗುಳ ಸಿಹಿಯಾಗುತ್ತದೆ, ಹಿಂದಿಯಲ್ಲಿ ಅವಳಿಗೆ ಬೇಡ ಎನ್ನಲು ಮಾತ್ರ ಬರುತ್ತಿತ್ತು. ಆದರೆ ಯಾವ ಭಾಷೆಯೂ ಅವಳ ಹೆಸರನ್ನು ಬಾಯೊಳಗೆ ಇಟ್ಟುಕೊಂಡು ಕರೆಯದೆ ಬಿಟ್ಟದ್ದಿಲ್ಲ.

ಪಾಳಿ ಮುಂದೆ ಹೋಯಿತು. ದಿನಾ ಬೆಳಿಗ್ಗೆ ಒಂದೊಂದು ಮೋರೆ. ವನಜ ಒಳಗೊಳಗೇ ಒಂದು ಆಸೆ ಇಟ್ಟುಕೊಂಡಿದ್ದಳು. ಜಲಜ ತನ್ನ ಜಾಗಕ್ಕೆ ಹೋಗಿದ್ದರೆ, ಜಲಜಳ ಜಾಗಕ್ಕಾದರೂ ತಾನು ಬರಬೇಕಲ್ಲ. ಜಲಜಳ ಪಾಳಿ ಬರುತ್ತಿದ್ದ ದಿನ ಅವಳು ಸೆರಗು ಸರಿಮಾಡಿಕೊಂಡು ಕಿಟಕಿಯ ಎದುರಿಗೇ ನಿಂತಳು. ಅವಳನ್ನು ದಾಟಿ, ಜಲಜಳ ಮರುದಿನದ ಪಾಳಿಯ ಉಮಾವತಿಯ ಮೋರೆ ಬಂತು, ಅದೂ ಹಲ್ಲು ಬಿಟ್ಟುಕೊಂಡು.

"ಅಯ್ಯ, ಇವತ್ತೇ ನಾನಾ?" ಎಂದು ಉಮಾವತಿಗೇ ಆಶ್ಚರ್ಯ. ಬುಟ್ಟಿ ಎತ್ತಿಕೊಂಡು ಹೋಗುವಾಗ ವನಜಳ ಕಿವಿಯ ಹತ್ತಿರ ಬಗ್ಗಿ, "ಇದ್ ಪೆಟ್ಟಿಗಿ ಕೆಲ್ಸ ಅಲ್ಲ ಕಾಣ್. ನಾದಿನಿ ಕೆಲ್ಸ," ಎಂದಳು.

ಅಲ್ಲಿಂದ ವನಜ ಜಲಜಳ ಜೊತೆ ಮಾತು ಬಿಟ್ಟಳು. ಟೆಂಪೋದಲ್ಲಿ ಒಬ್ಬಳು ಮುಂದೆ ಕೂತರೆ ಇನ್ನೊಬ್ಬಳು ಹಿಂದೆ. ಜಲಜ ಒಂದೆರಡು ಸಲ "ಅತ್ಗಿ" ಎಂದು ಕರೆದಳು. ವನಜ ಐಸು ಕುಟ್ಟುವ ಶಬ್ದದಲ್ಲಿ ಕೇಳದವಳ ಹಾಗೆ ಇದ್ದಳು.

ರಾತ್ರಿಯ ಊಟಕ್ಕೆ ಕೂತಾಗ ಸೋಮನಿಗೆ ಹೇಳಿದಳು. "ಇನ್ನೊಂದ್ ಸುತ್ತ್ ಕಾಂತೆ. ಆಗ್ಳೂ ನನ್ನ ಮೋರೆ ಬರ್ದಿದ್ರೆ ಕಟ್ಟೆ ಬಿಡ್ತೆ. ಮೊದ್ಲಿನ ಹಾಂಗೆ ತಲಿ ಮೇಲ್ ಹೊತ್ಕಂಡ್ ಹಟ್ಟಿಯಂಗಡಿ ಬದಿಗೆ ಹೋತೆ."

"ನಿನ್ನ ಕಾಲಿನ ಮಂಡಿ ಕೇಂಬುದಾ ಅದ್ನೆಲ್ಲ?"

"ಮಂಡಿ ನನ್ನ ಮಾತ್ ಕೇಂತ್. ಈ ಊರಗೆ ಅದೊಂದೇ ಕೇಂಬುದ್."

ಸೋಮನಿಗೆ ಹೆಂಡತಿ ಒಂದು ಕಡೆ, ತಂಗಿ ಒಂದು ಕಡೆ. ದೋಣಿಯಲ್ಲಿ ಇರುವುದೇ ಸುಖ ಎಂದು ಬೆಳಕು ಹರಿಯುವ ಮೊದಲೇ ಎದ್ದು ಹೋದ.

ಮೋಕ್ಷಿತಾ ಅಮ್ಮನಿಗೆ ಮಾತು ಕೊಟ್ಟಳು, ಇಡೀ ಪಾಳಿಯನ್ನು ತಾನೇ ಜಾವಾದಲ್ಲಿ ಹೊಸದಾಗಿ ಬರೆಯುತ್ತೇನೆ ಎಂದು. ಕಾಲೇಜಿನಲ್ಲಿ ಕೂತು ಬರೆದಳು. ಪುಟಗಟ್ಟಲೆ ಬರೆದಳು. ಪೆನ್ ಡ್ರೈವಿನಲ್ಲಿ ತಂದು ಸುಜನನ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ಎಂತದೋ ಇಲ್ಲ ಎಂದಿತು. ಆ ಎಂತದೋ ಇಳಿಸಲು ಹೋದರೆ ನೆಟ್ ನಿಧಾನ. ಇಳಿದ ಮೇಲೆ ಇನ್ನೊಂದು ಎಂತದೋ ಬೇಕು ಎಂದಿತು. ಸುಜನ ಕೈಕಟ್ಟಿ ನಿಂತು ನೋಡುತ್ತಿದ್ದ.

"ನನ್ನ ಬರ್ದದ್ದ್ ಒಮ್ಮೆ ಓದಿ ಕಾಣ್ ಮಾರಾಯ್ತಿ, ತಪ್ಪ್ ಎಲ್ಲಿತ್ತ್ ಹೇಳ್," ಎಂದ.

"ಹೆಬ್ಬಾವಿನ ಹೊಟ್ಟಿಯೊಳ್ಗೆ ನಾನ್ ಕೈ ಹಾಕುದಿಲ್ಲ."

"ಹಾಂಗಾರೆ ನಮ್ಮ ಕಡೆಯ ಮಕ್ಕಳ್ ಎಲ್ಲ ಕಲಿತ್ರಲ್ಲ, ಅದೆಂತ, ಸೀ?" ಎಂದಳು ಬಾಗಿಲಲ್ಲಿ ಬುಟ್ಟಿ ಇಳಿಸಿ ನಿಂತಿದ್ದ ವನಜ. ಆ ಹೆಸರು ಅವಳ ಕಿವಿಗೆ ಬಿದ್ದಿತ್ತು, ಕೇಳಲು ಸಿಹಿಯಾಗಿತ್ತು ಬೇರೆ. "ಅದ್ರಗೆ ಮಾಡುಕೆ ಆತಿಲ್ಯಾ?"

ಇಬ್ಬರೂ ಮೊದಲ ಸಲ ಒಂದಾಗಿ ನಕ್ಕರು. "ಸೀ ಎಲ್ಲದ್ರ ಅಬ್ಬಿ ಅಮ್ಮ," ಎಂದಳು ಮೋಕ್ಷಿತಾ. "ಭಾರೀ ಬೇಗ. ಆದ್ರೆ ಹೇಳಿದ್ದ್ ಹೇಳಿದ ಹಾಂಗೆ ಮಾಡತ್ತ್. ಬಾವಿಗೆ ಹಾರ್ ಅಂದ್ರೆ, ನೀರಿತ್ತಾ ಇಲ್ಯಾ ಅಂದೂ ಕಾಣದೆ ಹಾರತ್ತ್."

"ಅಷ್ಟ್ ಮಾತ್ ಕೇಂಬುದ್ ಒಂದಾರೂ ಇತ್ತಲ್ಲ," ಎಂದು ವನಜ ಬುಟ್ಟಿ ಎತ್ತಿಕೊಂಡು ಹೊರಟಳು. ಹೊರಗೆ ಕೂತಿದ್ದ ಉಮಾವತಿ, "ನೀವಿಬ್ರೂ ಮದಿ ಆದ್ರೆ ಮನೆಯಗೆ ಎಂತ ಭಾಷಿ ಮಾತಾಡ್ತ್ರಿ ಮಕ್ಳೆ? ಹಾವಿನದ್ದಾ, ಜಾವದ್ದಾ?" ಎಂದು ಕೂಗಿದಳು. ಒಳಗಿನ ಜಗಳ ಗಳಿಗೆ ಹೊತ್ತು ನಿಂತಿತು, ಮತ್ತೆ ಶುರುವಾಯಿತು.

ಸುತ್ತು ಮುಗಿಯಿತು. ಎರಡನೆಯ ಸುತ್ತಿನ ಮೊದಲ ಬೆಳಿಗ್ಗೆ ವನಜ ಕಿಟಕಿಯ ಎದುರು ನಿಲ್ಲಲಿಲ್ಲ, ದೂರದಲ್ಲಿ ಐಸಿನ ಪೆಟ್ಟಿಗೆಯ ಹತ್ತಿರ ನಿಂತಳು. ಅಲ್ಲಿಂದಲೂ ಕಂಡಿತು. ಜಲಜಳ ಮೋರೆ.

ಈ ಸಲ ಯಾರೂ ನಗಲಿಲ್ಲ. ಜಲಜ ಬುಟ್ಟಿ ಎತ್ತಲಿಲ್ಲ, "ನಂಗ್ ಬ್ಯಾಡ ಇದ್. ಅತ್ಗಿ ಕೂಕಣ್ಲಿ," ಎಂದಳು. ಬಿಟ್ಟುಕೊಟ್ಟ ಕಟ್ಟೆಯಲ್ಲಿ ಕೂರಲು ವನಜ ಭಿಕ್ಷೆಗೆ ಬಂದವಳಲ್ಲ. ಅವಳು ಬುಟ್ಟಿ ಹೊತ್ತುಕೊಂಡು ಸೀದಾ ಸುಜನನ ಅಂಗಡಿಯ ಒಳಗೆ ಹೋಗಿ, ಝೆರಾಕ್ಸ್ ಯಂತ್ರದ ಪಕ್ಕ ಬುಟ್ಟಿ ಇಟ್ಟು, ಗಿರಾಕಿಗಳಿಗೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಮೀನಿನ ನೀರು ಅಂಗಡಿಯ ಟೈಲ್ಸಿನ ಮೇಲೆ ನಿಧಾನವಾಗಿ ಹರಿಯಿತು.

"ನನ್ನ ಮೋರೆ ಬಪ್ಪತನಕ ನಾನ್ ಇಲ್ಲಿಂದ ಹೋಪುದಿಲ್ಲ," ಎಂದಳು.

ಕಾಲೇಜಿಗೆ ಹೊರಟಿದ್ದ ಮೋಕ್ಷಿತಾ ಚೀಲ ಹೆಗಲಿಗೆ ಹಾಕಿಕೊಂಡೇ ಒಳಗೆ ಬಂದಳು. "ಕಂಡ್ಯಾ? ನಿನ್ನ ಹಾವ್ ನನ್ನ ಅಮ್ಮನ್ನೇ ನುಂಗ್ತ್."

"ಹೆಸ್ರ್ ಇತ್ತಲ್ಲ ಮಾರಾಯ್ತಿ, ಸಾಮ್ನೆ ಇತ್ತಲ್ಲ. ಭಾಷಿ ಎಂತ ಮಾಡತ್ತ್ ಅದ್ಕೆ?"

"ಒಳ್ಳೆ ಭಾಷಿ ಆಗಿದ್ರೆ ತಪ್ಪ್ ಮಾಡುಕೇ ಬಿಡುದಿಲ್ಲ."

"ನಿನ್ನ ಒಳ್ಳೆ ಭಾಷಿ ತಪ್ಪೂ ಮಾಡ್ಲಿಲ್ಲ, ಕೆಲ್ಸವೂ ಮಾಡ್ಲಿಲ್ಲ."

"ಮಕ್ಳೆ," ಎಂದಳು ವನಜ. ಅವಳ ಸ್ವರ ಏರಲಿಲ್ಲ. ಏರಿಸುವ ತ್ರಾಣ ಮೊದಲ ಸುತ್ತಿನಲ್ಲೇ ಮುಗಿದಿತ್ತು. "ಕುಣಿಯಲಾರದವ್ಳ್ ನೆಲ ಡೊಂಕ್ ಅಂದ್ಲಂಬ್ರ್. ನೀವ್ ಇಬ್ರೂ ನೆಲವನ್ನೇ ಅಳಿತಾ ಇದ್ರಿ. ಕುಣಿಯುದ್ ಯಾವಾಗ?"

ಅಷ್ಟರಲ್ಲಿ ಕರೆಂಟ್ ಹೋಯಿತು. ಕಂಪ್ಯೂಟರಿನ ಕೆಳಗಿನ ಪೆಟ್ಟಿಗೆ ಕೀಂ ಕೀಂ ಎಂದು ಕೂಗಿ, ಅದೂ ನಿಂತಿತು. ಜಲಜಳ ಮೋರೆ ಆರಿತು. ಫ್ಯಾನು ನಿಂತು, ಅಂಗಡಿಯೊಳಗೆ ಮೀನಿನ ವಾಸನೆ ದಪ್ಪವಾಯಿತು. ಸುಜನನಿಗೂ ಮೋಕ್ಷಿತಾಳಿಗೂ ಜಗಳಕ್ಕೆ ಕಾರಣವೇ ಎದುರಿಗೆ ಇಲ್ಲದಂತಾಗಿ ಬಾಯಿ ಮುಚ್ಚಿತು. ಹೊರಗಿನ ಮಾತು ಒಳಗೆ ಕೇಳತೊಡಗಿತು.

ಗಿರಾಕಿ ಬಂದು ನಿಂತ ಮೇಲೆ ಕಟ್ಟೆ ಖಾಲಿ ಬಿಡಲಾಗದೆ ಜಲಜ ಕೂತಿದ್ದಳು ಅಂತ ಕಾಣುತ್ತದೆ. ಯಾರಿಗೋ ಬಂಗುಡೆ ಎಣಿಸಿ ಹಾಕುತ್ತಿದ್ದಳು. ಕಿಟಕಿಯ ಆಚೆಯೇ ಬಾಗಿಲ ಕಟ್ಟೆ. ಒಂದೊಂದು ಮೀನು ಚೀಲಕ್ಕೆ ಬೀಳುವ ಸದ್ದೂ ಕೇಳುತ್ತಿತ್ತು.

"ಲಾಭ. ಎರಡ್. ಮೂರ್. ನಾಕ್. ಐದ್. ಆರ್. ಮತ್ತೊಂದ್. ಎಂಟ್."

ಸುಜನ ಕಿಟಕಿಯ ಕಡೆ ತಿರುಗಿದ. "ಅತ್ತೆ, ಅಮ್ಮ ಎಂತ ಅಂದ್ಲ್ ಈಗ? ಆರ್ ಆದ್ಮೇಲೆ?"

"ಮತ್ತೊಂದ್."

"ಮತ್ತೊಂದ್ ಅಂದ್ರೆ?"

"ಮತ್ತೊಂದ್ ಅಂದ್ರೆ ಮತ್ತೊಂದ್."

"ಅಲ್ಲ, ಅದ್ ಎಷ್ಟ್?"

ವನಜ ಅವನನ್ನೇ ನೋಡಿದಳು. ಬುಟ್ಟಿ ಎದುರಿಗಿಟ್ಟು ಕೂತವಳ ಬಾಯಲ್ಲಿ ಆ ಸಂಖ್ಯೆಯ ಹೆಸರು ಬರುವುದಿಲ್ಲ. ವ್ಯಾಪಾರಕ್ಕೆ ಕೂತವಳಿಗೆ 'ಏಳು' ಅಂದರೆ ಎದ್ದು ಹೋಗು ಎಂದ ಹಾಗೆ. ಸೀತಜ್ಜಿ ಹೇಳುತ್ತಿರಲಿಲ್ಲ, ಅವಳ ತಾಯಿ ಹೇಳುತ್ತಿರಲಿಲ್ಲ. ವನಜ ಬೆಳ್ಳಿಯ ಹಾಗೆ ಮೀನಿನ ಪೊರೆ ಅಂಟಿದ್ದ ಒಂದು ಕೈಯ ಐದೂ ಬೆರಳು ಬಿಡಿಸಿ, ಇನ್ನೊಂದು ಕೈಯ ಎರಡು ಬೆರಳು ಸೇರಿಸಿ ಎತ್ತಿ ಹಿಡಿದಳು.

ಸುಜನ ಆ ಬೆರಳುಗಳನ್ನು ಒಂದೊಂದಾಗಿ ಎಣಿಸಿದ.

"ಅಮ್ಮ ಬರೆಸುವಾಗ ಲಾಭ ವನಜ ಅಂದ್ಲ್. ಲಾಭ ಅಂದ್ರೆ ಎಂತ ಕೇಂಡೆ, ಒಂದ್ ಅಂದ್ಲ್. ಕಡಿಗೆ ಅವ್ಳ ಹೆಸ್ರ್ ಬಪ್ಪತಿಗೆ 'ಮತ್ತೊಂದ್, ನಾನ್' ಅಂದ್ಲ್. ನಾನ್ 'ಮತ್ತೆ ಒಂದ್' ಅಂದ್ ಹಾಕ್ದೆ, ಅತ್ತೆ. ನೀವಿಬ್ರೂ ಒಂದೇ ಮನೆಯವ್ರ್, ಒಂದ್ ಸುತ್ತಿಗೆ ಅವ್ಳ್, ಇನ್ನೊಂದ್ ಸುತ್ತಿಗೆ ನೀವ್ ಅಂದ್ ಮಾಡ್ಕಂಡದ್ದ್ ಅಂದ್ಕಂಡಿದ್ದೆ. ಏಳ್ ಖಾಲಿ ಬಿದ್ದದ್ದ್ ನಾನ್ ಕಾಣ್ಲೇ ಇಲ್ಲ."

ಮೋಕ್ಷಿತಾ ಹಣೆಗೆ ಕೈ ಹಚ್ಚಿದಳು. "ಒಂದೇ ನಂಬ್ರಕ್ಕೆ ಎರಡ್ ಹೆಸ್ರ್ ಕೊಟ್ಯಾ? ನಿನ್ನ ಪೈಥಾನ್ ಮೊದ್ಲಿನದ್ದ್ ಅಳ್ಸಿ ಕಡೇದ್ದ್ ಇಟ್ಕಂತ್ ಮಾರಾಯ. ಸುಮ್ನೆ, ಒಂದ್ ಮಾತ್ ಹೇಳ್ದೆ. ನಾನ್ ಜಾವಾದಗೆ ಬರ್ದ ಹಾಂಗೆ ಬರ್ದಿದ್ರೆ ಒಂದೇ ನಂಬ್ರ ಎರಡ್ ಸರ್ತಿ ಕಂಡ್ ಶುರುವಿಗೇ ನಿಲ್ತಿತ್."

"ನಿಂತ್ ಎಂತ ಹೇಳ್ತಿತ್? ಕುಂದಾಪ್ರದವ್ರ್ ಏಳ್ ಅಂಬುದಿಲ್ಲ ಅಂದ್ ಹೇಳ್ತಿತ್ತಾ ನಿನ್ನ ಜಾವಾ?"

"ತಪ್ಪಿತ್ತ್ ಅಂದಾರೂ ಹೇಳ್ತಿತ್."

"ಈ ಊರಗೇ ಹುಟ್ಟಿದವ್ಳ್ ನೀನ್. ನೀ ಒಂದ್ ಸರ್ತಿ ನನ್ನ ಬರ್ದದ್ದ್ ಓದಿದ್ರೆ ನಿಂಗೇ ಗೊತ್ತಾತಿತ್."

ಮೋಕ್ಷಿತಾ ಚೀಲವನ್ನು ಹೆಗಲಿಂದ ಇಳಿಸಿದಳು. ಅವಳ ಸ್ವರ ಇನ್ನೂ ಏರಿತು. ಕರೆಂಟ್ ಇಲ್ಲ, ತಿದ್ದಲು ಆಗುವುದಿಲ್ಲ, ಹಾಗಾಗಿ ಜಗಳಕ್ಕೆ ಬೇಕಾದಷ್ಟು ಹೊತ್ತು ಇತ್ತು. ವನಜ ಕುರ್ಚಿಯ ಕೈ ಹಿಡಿದು ಮಂಡಿ ನೆಟ್ಟಗೆ ಮಾಡಿ ಎದ್ದಳು. ಬುಟ್ಟಿ ಎತ್ತಿಕೊಂಡಳು. ಅವಳು ಎದ್ದದ್ದನ್ನು ಇಬ್ಬರೂ ನೋಡಲಿಲ್ಲ.

ಹೊರಗೆ ಬಾಗಿಲ ಕಟ್ಟೆಯಲ್ಲಿ ಜಲಜ ಕೂತಿದ್ದಳು. ಹೊರಗಿನ ಮಾತು ಒಳಗೆ ಕೇಳಿದ ಹಾಗೆ, ಒಳಗಿನದ್ದೂ ಹೊರಗೆ ಕೇಳಿತ್ತು. ಅವಳು ಅತ್ತಿಗೆಯ ಕಡೆ ನೋಡದೆ, ಮೀನಿನ ಮೇಲೆ ಕೂತ ನೊಣ ಓಡಿಸುತ್ತ, "ಇಷ್ಟ್ ದಿನ ನಾನ್ ಕದ್ದದ್ದ್ ಅಂದ್ಕಂಡ್ಯಲ್ದಾ?" ಎಂದಳು.

ವನಜ ಸುಳ್ಳು ಹೇಳಬಹುದಿತ್ತು. "ಹೌದ್," ಎಂದಳು.

"ಕರ್ದೆ ಅಲ್ದಾ ನಾನ್? ಎರಡ್ ಸರ್ತಿ ಕರ್ದೆ."

"ಕೇಂಡಿತ್."

ಜಲಜ ನೊಣ ಓಡಿಸುವುದನ್ನು ಬಿಟ್ಟು, ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಟ್ಟೆಯ ಒಂದು ಬದಿಗೆ ಎಳೆದುಕೊಂಡಳು. ಕಲ್ಲಿನ ಮೇಲೆ ಒದ್ದೆಯ ಗೆರೆ ಬಿತ್ತು. ವನಜ ಆ ಗೆರೆಯ ಈಚೆ ತನ್ನ ಬುಟ್ಟಿ ಇಟ್ಟು ಕೂತಳು. ಇಬ್ಬರಿಗೆ ಮಾಡಿದ ಕಟ್ಟೆಯಲ್ಲ ಅದು. ಇಬ್ಬರ ಮಂಡಿಯೂ ಹೊರಗೆ ಚಾಚಿ ನಿಂತಿತು.

ಬೈಂದೂರಿನ ಕಡೆಯ ಹೆಂಗಸೊಬ್ಬಳು ಬಂದು ಚೀಲ ಬಿಡಿಸಿ ಹಿಡಿದಳು. "ಹತ್ತ್ ಬಂಗುಡೆ ಹಾಕ್. ಕಣ್ಣ್ ಕೆಂಪಾದದ್ದ್ ಬ್ಯಾಡ."

"ನಮ್ಮ ಕಣ್ಣೇ ಕೆಂಪ್, ಮೀನಿಂದ್ ಸರಿ ಇತ್ತ್," ಎಂದು ಜಲಜ ಎಣಿಸತೊಡಗಿದಳು. "ಲಾಭ. ಎರಡ್. ಮೂರ್. ನಾಕ್. ಐದ್. ಆರ್."

ಅಲ್ಲಿಗೆ ಅವಳ ಕೈ ನಿಂತಿತು. ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಚೀಲ ಹಿಡಿದವಳು ಇವಳ ಮುಖ ನೋಡಿದಳು, ಅವಳ ಮುಖ ನೋಡಿದಳು. ಒಳಗೆ ಕರೆಂಟ್ ಬಂದು ಫ್ಯಾನು ತಿರುಗುವ ಸದ್ದು, ಅದರ ಮೇಲೆ ಎರಡು ಸ್ವರ.

ವನಜ ತನ್ನ ಬುಟ್ಟಿಯಿಂದ ಒಂದು ಬಂಗುಡೆ ಎತ್ತಿ ಚೀಲಕ್ಕೆ ಹಾಕಿದಳು.

"ಎಂಟ್," ಎಂದಳು ಜಲಜ.